ಕಳೆಯುವ ಲೆಕ್ಕ ಮತ್ತು ಕಾಡಿನ ಪ್ರಾಣಿಗಳು

ನಿಮ್ಮಲ್ಲಿ ಹಲವರಿಗೆ ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದಾರೆ. ಸಂಜೆ ಅವರಿಗೆ ಪಾಠ ಹೇಳಿಕೊಡುವವರು ನೀವೇ. ನಿಮಗೆ ನೆರವಾಗಲೆಂದು ಈ ನಾಲ್ಕು ಮಾತು.

ನಾನು ಕನ್ನಡದ ಅಧ್ಯಾಪಕ. ಒಮ್ಮೆ ಒಂದನೆಯ ತರಗತಿಯ ಅಧ್ಯಾಪಕರು ರಜೆಯಲ್ಲಿದ್ದಾಗ ಅವರ ಗಣಿತದ ಪಾಠ ನನ್ನ ಪಾಲಿಗೆ ಬಂತು. ಕರಿಹಲಗೆಯ ಮೇಲೆ ಏಳು ಜಿಂಕೆಗಳನ್ನು ಬರೆದು, ಮೂರರ ಮೇಲೆ ಅಡ್ಡಗೀಟು ಎಳೆದು, "ಉಳಿದದ್ದು ಎಷ್ಟು?" ಎಂದೆ. ಬಾಲಕಿಯೊಬ್ಬಳು "ಏಳು" ಎಂದಳು. ಗದರಿದೆ. ಅವಳು ಕಣ್ಣೊರೆಸಿಕೊಳ್ಳುತ್ತ, "ಏಳೂ ಅಲ್ಲೇ ಇವೆಯಲ್ಲ ಸಾರ್" ಎಂದಳು. ಮಾತು ನಿಜ. ಗೀಟು ಎಳೆದರೆ 'ಹೋಯಿತು' ಎಂದು ಅರ್ಥಮಾಡಿಕೊಳ್ಳುವುದು ದೊಡ್ಡವರ ರೂಢಿ. ಅದನ್ನು ಮಗುವಿಗೆ ನಾನು ಹೇಳಿರಲೇ ಇಲ್ಲ.

ಕಲಿಕೆ ಕ್ರಿಯೆ, ಚಿತ್ರ, ಸಂಕೇತ ಎಂಬ ಮೂರು ಬಗೆಗಳಲ್ಲಿ ಸಾಗುತ್ತದೆಂದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1966ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮರುದಿನ ಅದನ್ನೇ ಅನುಸರಿಸಿದೆ.

ಮೊದಲು ಕ್ರಿಯೆ. ಏಳು ಮಕ್ಕಳು ಜಿಂಕೆಗಳಾಗಿ ಮೋಯಾರ್ ಹೊಳೆಗೆ ನೀರು ಕುಡಿಯಲು ಬಂದರು. ಮೂವರು ಬಾಗಿಲಾಚೆಯ 'ಕಾಡಿಗೆ' ಓಡಿದರು. ಉಳಿದವರನ್ನು ಎಣಿಸಿದೆವು.

ಅನಂತರ ಚಿತ್ರ. ಮೂರು ಜಿಂಕೆಗಳನ್ನು ಕಾಗದದಿಂದ ಮುಚ್ಚಿದೆ. ಕಾಣುವುದು ನಾಲ್ಕೇ. ಕೊನೆಗೆ ಅಂಕಿ: 7 − 3 = 4. ಆ ಬಾಲಕಿಯೇ ಎದ್ದುಬಂದು ಬರೆದಳು.

ಆದರೆ ಇಲ್ಲಿಗೇ ನಿಲ್ಲಬೇಡಿ. ಕಳೆಯುವುದೆಂದರೆ ಹೋದದ್ದರ ಲೆಕ್ಕ ಮಾತ್ರವಲ್ಲ. ಏಳು ಜಿಂಕೆ, ಮೂರು ಕಾಟಿ ಇವೆ. ಜಿಂಕೆ ಎಷ್ಟು ಹೆಚ್ಚು? ಇಲ್ಲಿ ಯಾವುದೂ ಓಡಿಹೋಗಿಲ್ಲ. ಒಂದೊಂದು ಕಾಟಿಗೂ ಒಂದೊಂದು ಜಿಂಕೆಯನ್ನು ಗೆರೆಯಿಂದ ಜೋಡಿಸಿದರೆ ಜೊತೆಯಿಲ್ಲದೆ ನಿಲ್ಲುವವು ನಾಲ್ಕು. ಇನ್ನೊಂದು ಬಗೆ: ತೆಪ್ಪಕಾಡು ಶಿಬಿರದಲ್ಲಿ ಮುದ್ದೆ ತಿನ್ನಲು ಏಳು ಆನೆ ಬರಬೇಕು, ಮೂರು ಬಂದಿವೆ, ಇನ್ನೆಷ್ಟು ಬರಬೇಕು? ಮೂರು ಕಥೆಗಳಿಗೂ ಲೆಕ್ಕ ಒಂದೇ. ಮೊದಲನೆಯದನ್ನಷ್ಟೇ ಕಲಿತ ಮಗು 'ಎಷ್ಟು ಹೆಚ್ಚು' ಎಂದೊಡನೆ ಕೂಡಿಸಿಬಿಡುತ್ತದೆ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಬಡಗ, ತಮಿಳು, ಕನ್ನಡ ಎಲ್ಲವೂ ಉಂಟು. ಕಥೆಯನ್ನು ಮಗುವಿನ ಮನೆಮಾತಿನಲ್ಲೇ ಹೇಳಿ. ಲೆಕ್ಕ ಎಲ್ಲ ಭಾಷೆಗೂ ಒಂದೇ. ಉತ್ತರ ತಪ್ಪಿದರೆ ಗದರುವ ಮೊದಲು "ಹೇಗೆ ಎಣಿಸಿದೆ?" ಎಂದು ಕೇಳಿ. ನಾನು ಅಂದು ಕೇಳಬೇಕಾಗಿದ್ದುದು ಅದನ್ನೇ.