ಕಾಫಿ ಬೊಡ್ಡೆ ಹಾವಿನ ಗೂಡಿಗೆ ಬರುವ ಮುನ್ನ

ಬಾಲ್ ಪೈಥಾನ್ ಇರಲಿ, ಹಸಿರು ಇಗ್ವಾನಾ ಇರಲಿ, ಗೂಡಿನಲ್ಲೊಂದು ಒಳ್ಳೆಯ ಮರದ ತುಂಡು ಇರಲೇಬೇಕು. ಹತ್ತಿ ಕೂರಲು, ಮರೆಯಾಗಲು, ಪೊರೆ ಬಿಡುವಾಗ ಮೂತಿ ಉಜ್ಜಿಕೊಳ್ಳಲು ಅದೇ ಆಸರೆ. ಅಂಗಡಿಯ ತುಂಡು ದುಬಾರಿ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ನೆಂಟರಿದ್ದವರಿಗೆ ಕಾಫಿ ಗಿಡದ ಬೊಡ್ಡೆ ಪುಕ್ಕಟೆ. ಗಟ್ಟಿ ಮರ, ಚೆಂದದ ತಿರುವು, ಬೇಗ ಕೊಳೆಯುವುದಿಲ್ಲ. ಗಿಳಿ ಸಾಕುವವರೂ ಅದನ್ನೇ ಹುಡುಕುತ್ತಾರೆ. ವರ್ಷಗಳಿಂದ ಇಂಥ ತುಂಡುಗಳನ್ನು ಹದ ಮಾಡುತ್ತಾ ಬಂದಿರುವ ನನ್ನ ಲೆಕ್ಕಾಚಾರ ಇಲ್ಲಿದೆ.

1. ಮೊದಲು ಮರದ ಜಾತಕ ಕೇಳಿ, ಆಮೇಲೆ ನೀರು ಕಾಯಿಸಿ. ಬಿಸಿಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುತ್ತದೆ, ಬೂಸ್ಟೂ ಬಹುಮಟ್ಟಿಗೆ ಸಾಯುತ್ತದೆ. ಮರ ಹೀರಿಕೊಂಡ ಔಷಧಿ ಮಾತ್ರ ಸಾಯುವ ವಸ್ತುವಲ್ಲ. ಎಷ್ಟು ಕುದಿಸಿದರೂ ಅದು ಪೂರ್ತಿ ಹೋಯಿತೆಂದು ಕಣ್ಣಿಂದ ನೋಡಿ ಹೇಳುವ ದಾರಿಯಿಲ್ಲ. ಹೆಚ್ಚಿನವರು ಕುದಿಸುವ ಹೊತ್ತಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಗಿಡ ಎಲ್ಲಿ ನಿಂತಿತ್ತು, ಅದಕ್ಕೆ ಏನು ಹೊಡೆದಿದ್ದರು ಎಂದು ಕೇಳುವುದಿಲ್ಲ.

2. ಅರೇಬಿಕಾ ಬೇಡ, ರೋಬಸ್ಟಾ ತನ್ನಿ. ಇದು ರುಚಿಯ ಮಾತಲ್ಲ. ಅರೇಬಿಕಾ ತೋಟದಲ್ಲಿ ಕಿತ್ತು ರಾಶಿ ಹಾಕಿದ ಗಿಡ ಕಂಡರೆ, ಅದು ಬಿಳಿಕಾಂಡ ಕೊರಕ ಹೊಕ್ಕ ಗಿಡವಾಗಿರುವ ಸಾಧ್ಯತೆಯೇ ಹೆಚ್ಚು. ಈ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತಾ, ಹಿಂದೆ ಬಿಟ್ಟ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಗಿಡಿದು ಮುಚ್ಚುತ್ತದೆ. ಹಾಗಾಗಿ ಹೊರಗೆ ತೂತೇ ಕಾಣದ ಬೊಡ್ಡೆಯ ಒಳಗೂ ಅದು ಇರಬಹುದು. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಕೈ ಬಿಡಿ. ಇನ್ನು ಈ ಹುಳಕ್ಕೆಂದು ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಹೊಡೆಯುವ ರೂಢಿಯೂ ಇದೆ. ಸುಣ್ಣ ಕೆರೆದರೆ ಹೋದೀತು, ಔಷಧಿಯ ಮಾತು ಬೇರೆ. ಎಲೆ ತುಕ್ಕು ರೋಗಕ್ಕೆ ಮಳೆಗಾಲದ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಹೀಗೆ ಒಂದೇ ಬೊಡ್ಡೆಗೆ ಮೂರು ಲೇಪ.

ರೋಬಸ್ಟಾಕ್ಕೆ ಬಿಳಿಕಾಂಡ ಕೊರಕದ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಕೊಯ್ಲು ಮುಗಿದು ಗಿಡ ಸವರುವಾಗ ದಪ್ಪ ಕೊಂಬೆಗಳು ಬೇಕಾದಷ್ಟು ಬೀಳುತ್ತವೆ. ಆಗ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಹೋಗಿ ಕಳೆದ ವರ್ಷ ಈ ಬ್ಲಾಕಿಗೆ ಏನು ಹೊಡೆದಿರಿ ಎಂದು ಕೇಳಿ. ಕೇಳಿದವರಿಗೆ ಸಾಮಾನ್ಯವಾಗಿ ಹೇಳುತ್ತಾರೆ; ಹಾವಿಗೆ ಎಂದು ಹೇಳಿದರೆ ಸ್ವಲ್ಪ ದೂರ ಸರಿದು ನಿಂತು ಹೇಳುತ್ತಾರೆ, ಅಷ್ಟೇ.

3. ಕಾಫಿ ಸಿಗದಿದ್ದರೆ ಸೀಬೆ, ಹುಣಸೆ. ಸೀಬೆ ಕೊಂಬೆಯ ತೊಗಟೆ ತಾನಾಗಿ ಸುಲಿದು ನಯವಾಗುತ್ತದೆ, ಆದರೆ ಹಾವಿಗೆ ಪೊರೆ ಉಜ್ಜಲು ಅಷ್ಟು ಒರಟು ಸಾಲದು. ಕಣಗಿಲೆ, ಕಳ್ಳಿ, ಹಾಲು ಸುರಿಸುವ ಯಾವ ಗಿಡವೂ ಬೇಡ. ಗೇರು, ಮಾವು ಸೋನೆಯ ಮರಗಳು. ನೀಲಗಿರಿ, ದೇವದಾರು, ಪೈನ್ ಮೂಗಿಗೆ ಹಿತವಾದರೂ, ಮುಚ್ಚಿದ ಬೆಚ್ಚನೆಯ ಪೆಟ್ಟಿಗೆಯಲ್ಲಿ ಆ ಎಣ್ಣೆಯ ಆವಿಯನ್ನೇ ಪ್ರಾಣಿ ಹಗಲಿರುಳು ಉಸಿರಾಡಬೇಕಾಗುತ್ತದೆ. ಹುಳ ಹತ್ತಿರ ಸುಳಿಯದೆಂದು ಬೇವನ್ನು ಹೊಗಳುವವರಿದ್ದಾರೆ. ಹುಳಕ್ಕೆ ಆಗದ್ದು ಹಾವಿಗೆ ಆಗುತ್ತದೆಂದು ನಂಬಲು ನಾನು ಸಿದ್ಧನಿಲ್ಲ. ಸಿಲ್ವರ್ ಓಕ್ ಮುಟ್ಟಿದರೆ ಕೆಲವರ ಚರ್ಮವೇ ಕೆರೆಯುತ್ತದೆ, ಅದೂ ಬೇಡ.

4. ಅಭಯಾರಣ್ಯದ, ರಾಷ್ಟ್ರೀಯ ಉದ್ಯಾನದ ಒಣ ಕಟ್ಟಿಗೆ ಮುಟ್ಟಬೇಡಿ. ಬಿದ್ದದ್ದಾದರೂ ಎತ್ತಿ ತರುವುದು ಅಪರಾಧ.

5. ತಂದ ತುಂಡನ್ನು ಬಿಳಿ ಬಟ್ಟೆಯ ಮೇಲೆ ಎರಡು ವಾರ ಸುಮ್ಮನೆ ಇಡಿ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಒರೆಸಿ ಮತ್ತೆ ನೋಡಿ. ಮತ್ತೆ ಉದುರಿದರೆ ಒಳಗೆ ಯಾರೋ ಕೆಲಸದಲ್ಲಿದ್ದಾರೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಠಣ್ ಎನ್ನುತ್ತದೆ, ಟೊಳ್ಳು ಧಪ್ ಎನ್ನುತ್ತದೆ. ಉಗುರು ಇಳಿಯುವಷ್ಟು ಮೆತ್ತಗಾದ ಜಾಗವನ್ನು ಕೆತ್ತಿ ತೆಗೆಯಿರಿ. ಬಿಡಿಯಾದ ತೊಗಟೆಯನ್ನು ಪೂರ್ತಿ ಸುಲಿಯಿರಿ, ಹುಳ ಅಡಗುವುದು ಅದರಡಿಯಲ್ಲೇ. ಆಮೇಲೆ ಸೋಪು ಹಾಕದೆ ಗಟ್ಟಿ ಬ್ರಷ್ಷಿನಿಂದ ತಿಕ್ಕಿ.

6. ಲೆಕ್ಕಕ್ಕೆ ಬರುವುದು ತಿರುಳಿನ ಬಿಸಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಅಂತರರಾಷ್ಟ್ರೀಯ ನಿಯಮ ಇದೆ: ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡದೆ 30 ನಿಮಿಷ ಇರಬೇಕು. ಹುಳಕ್ಕೆ ಅಷ್ಟು ಸಾಕು. ಬ್ಯಾಕ್ಟೀರಿಯಾ, ಬೂಸ್ಟಿಗೆಂದು ನಾನು ಅದಕ್ಕೂ ಮೇಲೆ ಹೋಗುತ್ತೇನೆ. ಹಳೆಯ ಅಲ್ಯೂಮಿನಿಯಂ ಡಬರಿಯಲ್ಲಿ ಕೊಂಬೆ ಮುಳುಗಿಸಿ, ತೇಲದಂತೆ ಮೇಲೊಂದು ಗುಂಡುಕಲ್ಲು ಹೇರಿ, ಕುದಿ ಬಂದ ಮೇಲೆ ಕೈದಪ್ಪದ್ದಕ್ಕೆ ಒಂದು ತಾಸು, ತೊಡೆದಪ್ಪದ್ದಕ್ಕೆ ಎರಡು ತಾಸಿಗಿಂತ ಹೆಚ್ಚು. ನೀರು ಚಹಾ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮರದ ಟ್ಯಾನಿನ್. ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿ. ಪ್ರೆಷರ್ ಕುಕ್ಕರ್ ಮಾತ್ರ ಬೇಡ, ಚೂರೊಂದು ವೆಂಟಿಗೆ ಸಿಕ್ಕಿಕೊಂಡರೆ ಅಡುಗೆಮನೆ ಉಳಿಯುವುದಿಲ್ಲ.

ಓವನ್ ಇದ್ದವರು 110 ಡಿಗ್ರಿ ದಾಟಬೇಡಿ, ಎದುರಿಗೇ ಕೂತಿರಿ. ದಪ್ಪ ಬೊಡ್ಡೆಗೆ ಸಣ್ಣ ತೂತು ಕೊರೆದು ಅಡುಗೆ ಥರ್ಮಾಮೀಟರ್ ತೂರಿಸಿ ನೋಡಿದರೆ, ಓವನ್ ಗುಂಡಿ ತೋರಿಸುವ ಬಿಸಿಗೂ ತಿರುಳಿನ ಬಿಸಿಗೂ ಎಷ್ಟು ಅಂತರವಿದೆ ಎಂದು ಗೊತ್ತಾಗುತ್ತದೆ.

7. ಫಿನಾಯಿಲ್ ಹತ್ತಿರ ತರಬೇಡಿ. ನೆಲ ಒರೆಸುವ ಫಿನಾಲ್ ಜಾತಿಯ ದ್ರಾವಣಗಳು ಸರೀಸೃಪಗಳಿಗೆ ವಿಷ. ಮರ ಅದನ್ನು ಹೀರಿ ದಿನಗಟ್ಟಲೆ ಬಿಡುತ್ತಲೇ ಇರುತ್ತದೆ. ಗೆದ್ದಲು ಔಷಧಿ, ವಾರ್ನಿಷ್, ಪಾಲಿಶ್ ಯಾವುದೂ ಬೇಡ.

8. ಒಣಗಿಸಲು ಮೊದಲು ನೆರಳು, ಆಮೇಲೆ ಬಿಸಿಲು. ಕುದಿಸಿದ್ದನ್ನು ನೇರ ಏಪ್ರಿಲ್ ಬಿಸಿಲಿಗೆ ಇಟ್ಟರೆ ತುದಿ ಬಾಯಿ ಬಿಡುತ್ತದೆ. ಒಣಗಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

9. ಬೊಡ್ಡೆ ಗಾಜಿನ ತಳಕ್ಕೆ ಊರಿರಲಿ, ತೆಂಗಿನ ನಾರಿನ ಪುಡಿಯನ್ನು ಸುತ್ತ ಆಮೇಲೆ ತುಂಬಿ. ಪುಡಿಯ ಮೇಲೆ ಇಟ್ಟರೆ ಹಾವು ಅಡಿಯಲ್ಲಿ ತೋಡಿ, ಬೊಡ್ಡೆ ಅದರ ಮೈಮೇಲೇ ಕುಸಿಯುತ್ತದೆ. ಇಗ್ವಾನಾಕ್ಕೆ ಅದರ ಮೈಗಿಂತ ದಪ್ಪದ ಕೊಂಬೆ, ಹೊರಗಿನಿಂದ ಸ್ಕ್ರೂ. ದೀಪದಡಿಯ ಕೊಂಬೆಯ ಮೇಲ್ಮೈ ಬಿಸಿಯನ್ನು ಅಳೆಯಿರಿ: ಬಾಲ್ ಪೈಥಾನ್‌ನ ಬೆಚ್ಚನೆ ಬದಿ 32 ಡಿಗ್ರಿ ಆಸುಪಾಸು ಸಾಕು. ಒಣ ಮರಕ್ಕೂ ಬಲ್ಬಿಗೂ ನಡುವೆ ಜಾಲರಿ ಕಡ್ಡಾಯ.

10. ಬೇರೆಯವರ ಗೂಡಿನಿಂದ ಬಂದ ಕಟ್ಟಿಗೆ, ತೋಟದ ಕಟ್ಟಿಗೆಗಿಂತ ಅಪಾಯ. ತೋಟದ ಸಣ್ಣ ಜೀವಿಗಳಲ್ಲಿ ಹೆಚ್ಚಿನವಕ್ಕೆ ಹಾವು ಬೇಕಿಲ್ಲ. ಹಾವಿನ ನುಸಿಗೆ (ಮೈಟ್) ಹಾವಿನಂಥ ಸರೀಸೃಪದ ರಕ್ತವೇ ಬೇಕು, ಅದು ಮೊಟ್ಟೆ ಇಡುವುದು ಮರದ ಬಿರುಕಿನಂಥ ಬೆಚ್ಚನೆಯ, ತೇವದ ಸಂದಿಯಲ್ಲಿ. ಗೆಳೆಯರು ಪ್ರೀತಿಯಿಂದ ಕೊಟ್ಟ ತುಂಡನ್ನೂ ಡಬರಿಗೆ ಹಾಕಿಯೇ ಒಳಗೆ ಬಿಡಿ.

ಕೊನೆಯದಾಗಿ, ಇದೆಲ್ಲ ಕಾನೂನುಬದ್ಧವಾಗಿ ಸಾಕಬಹುದಾದ ವಿದೇಶಿ ಪ್ರಾಣಿಗಳಿಗೆ ಮಾತ್ರ. ತೋಟದಲ್ಲಿ ಕೊಂಬೆ ಆಯುವಾಗ ನಕ್ಷತ್ರ ಆಮೆಯೋ ಹೆಬ್ಬಾವಿನ ಮರಿಯೋ ಸಿಕ್ಕಿತೆಂದು ಮನೆಗೆ ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು. ಬಾಲ್ ಪೈಥಾನ್, ಹಸಿರು ಇಗ್ವಾನಾ ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇನ್ನೂ ಮಾಡಿಸದಿದ್ದರೆ ಬೊಡ್ಡೆ ಹುಡುಕುವುದಕ್ಕೆ ಮುಂಚೆ ಆ ಕೆಲಸ ನೋಡಿ.