ಗುರುತ್ವ ಕೇಂದ್ರದ ಪಾಠ ಮತ್ತು ತಗ್ಗಿಸಿದ ಕಾರು: ಒಂದು ಮರುಬೋಧನೆಯ ಅನುಭವ

ಎರಡನೇ ಹಂತದ ಬೋಧನಾಭ್ಯಾಸಕ್ಕೆ ನಮ್ಮ ಐವರ ತಂಡವನ್ನು ಶಂಕರಪುರಂನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಹಾಕಿದ್ದರು. ನನಗೆ ಬಂದದ್ದು 9ನೇ ತರಗತಿಯ ವಿಜ್ಞಾನ, ಮೂವತ್ತೆರಡು ಮಕ್ಕಳು. ಈ ಮಕ್ಕಳಲ್ಲಿ ಹಲವರ ಮನೆಯವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲೋ ಕಲಾಸಿಪಾಳ್ಯದ ಗ್ಯಾರೇಜುಗಳಲ್ಲೋ ಕೆಲಸ. ವಾಹನದ ಮಾತೆತ್ತಿದರೆ ಸಾಕು, ಹಿಂದಿನ ಬೆಂಚೂ ಎದ್ದು ಕೂರುತ್ತದೆ. ಇದನ್ನು ವೀಕ್ಷಣಾ ವಾರದಲ್ಲೇ ಗಮನಿಸಿದ್ದೆ. ಹಾಗಾಗಿ ಗುರುತ್ವ ಘಟಕದ ಪೂರಕ ಚಟುವಟಿಕೆಯಾಗಿ ‘ಗುರುತ್ವ ಕೇಂದ್ರ ಮತ್ತು ಸ್ಥಿರತೆ’ಯನ್ನು ಆರಿಸಿಕೊಂಡಾಗ, ಉದಾಹರಣೆಗೆ ಕಾರನ್ನೇ ತೆಗೆದುಕೊಂಡೆ.

ಆ ಪಾಠ ಚೆನ್ನಾಗಿ ನಡೆಯಿತು ಎಂದೇ ನಾನು ನಂಬಿದ್ದೆ. ಅದು ಎಲ್ಲಿ ತಪ್ಪಿತು, ಅದನ್ನು ಸರಿಪಡಿಸಲು ಮೂರು ಅವಧಿಗಳಲ್ಲಿ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ವಿಧಾನದ ಸಹ ಪ್ರಶಿಕ್ಷಣಾರ್ಥಿಗಳಿಗೆ ಚಟುವಟಿಕೆಗಳು ನೇರವಾಗಿ ಉಪಯೋಗವಾಗಬಹುದು.

ಮೊದಲ ಪಾಠ

ಬೋಧನೋಪಕರಣ ತೀರ ಸರಳ. ರಟ್ಟಿನ ಚಾಸಿ, ನಾಲ್ಕು ಬಾಟಲಿ ಮುಚ್ಚಳದ ಚಕ್ರ, ಎಡ ಬಲ ಚಕ್ರಗಳ ನಡುವೆ 6 ಸೆಂ.ಮೀ. ಅಂತರ. ಮೇಲೆ ಒಂದು ಕಡ್ಡಿಗೆ ಮರಳಿನ ಪೊಟ್ಟಣ ಕಟ್ಟಿದೆ. ಅದನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಗಾಡಿಯನ್ನು ಒಂದು ಹಲಗೆಯ ಮೇಲೆ ಅಡ್ಡಡ್ಡ ನಿಲ್ಲಿಸಿ, ಜಾರದಂತೆ ಕೆಳಗಿನ ಚಕ್ರಗಳಿಗೆ ಒಂದು ತೆಳು ಪಟ್ಟಿ ಅಂಟಿಸಿ, ಹಲಗೆಯನ್ನು ನಿಧಾನವಾಗಿ ಎತ್ತುವುದು. ಎಷ್ಟು ಡಿಗ್ರಿಗೆ ಉರುಳುತ್ತದೆ ಎಂದು ಕೋನಮಾಪಕದಲ್ಲಿ ನೋಡುವುದು. ಪೊಟ್ಟಣ 5 ಸೆಂ.ಮೀ. ಎತ್ತರದಲ್ಲಿದ್ದಾಗ ಸುಮಾರು 30 ಡಿಗ್ರಿಗೆ ಉರುಳಿತು. 3 ಸೆಂ.ಮೀ.ಗೆ ಇಳಿಸಿದಾಗ 44 ಡಿಗ್ರಿಯವರೆಗೆ ತಡೆಯಿತು.

ಮಕ್ಕಳು ಚಪ್ಪಾಳೆ ಹೊಡೆದರು. ನೆಲಕ್ಕೆ ಅಂಟಿದಂತಿರುವ ರೇಸ್ ಕಾರಿನ ಚಿತ್ರ ತೋರಿಸಿದೆ. ಕಪ್ಪುಹಲಗೆಯ ಮೇಲೆ ಬರೆದೆ: ‘ಗುರುತ್ವ ಕೇಂದ್ರ ತಗ್ಗಿದಷ್ಟೂ ವಾಹನ ಹೆಚ್ಚು ಸ್ಥಿರ.’ ಗಂಟೆ ಹೊಡೆಯಿತು. ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಕೊನೆಗೆ ಒಂದು ಸಾಲು: ‘ಯಾವ ಮಿತಿಯೊಳಗೆ ಎಂದು ಕೇಳಲಿಲ್ಲ.’ ಅಂಕ ನೋಡಿದ ಸಂತೋಷದಲ್ಲಿ ಆ ಸಾಲನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಮೂರನೇ ಬೆಂಚಿನ ಹುಡುಗನೊಬ್ಬ ಹಾಜರಿ ಮುಗಿಯುತ್ತಿದ್ದಂತೆ ಎದ್ದು ನಿಂತ.

‘ಮಿಸ್, ನಮ್ಮಣ್ಣ ಕಾರ್ ಇಳಿಸಿದ್ದಾನೆ. ಮುಂದಿನ ಎರಡೂ ಸ್ಪ್ರಿಂಗ್ ಒಂದೊಂದು ಸುತ್ತು ಕಟ್ ಮಾಡಿಸ್ದ. ಅಮ್ಮ ಬೇಡ ಅಂದ್ರು. ನಾನೇ ಹೇಳ್ದೆ, ಸೇಫ್ ಅಂತೆ, ನಮ್ಮ ಮಿಸ್ಸೇ ಹೇಳಿಕೊಟ್ಟಿದ್ದಾರೆ ಅಂತ.’

ಹುಡುಗನ ಮುಖದಲ್ಲಿ ಹೆಮ್ಮೆ. ನನಗೆ ಕೈಯಲ್ಲಿದ್ದ ಸೀಮೆಸುಣ್ಣ ಭಾರವಾಯಿತು. ಅದೇ ಕಾರಿನಲ್ಲಿ ವಾರಕ್ಕೊಮ್ಮೆ ಅವನ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಅವನೇ ಆಮೇಲೆ ಹೇಳಿದ. ‘ಹಂಪ್ ಬಂದಾಗ ಅಜ್ಜಿ ಬೈತಾರೆ ಮಿಸ್, ಸೊಂಟ ಹಿಡ್ಕೊಳ್ಳುತ್ತಂತೆ.’

ತರಗತಿಯ ಮುಂದೆ ‘ನಿಮ್ಮಣ್ಣ ಮಾಡಿದ್ದು ತಪ್ಪು’ ಎನ್ನುವುದು ಸುಲಭವಿತ್ತು. ಆದರೆ ಹುಡುಗ ತಂದದ್ದು ನನ್ನದೇ ವಾಕ್ಯ. ಮೇಡಂ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ‘ಉಳಿದ ಮೂರು ಅವಧಿ ಇದಕ್ಕೇ ಬಳಸಿ. ತೀರ್ಪು ನೀವು ಕೊಡಬೇಡಿ, ಮಕ್ಕಳೇ ಅಳೆದು ಹೇಳಲಿ’ ಎಂದರು.

ಮರುಪಾಠ 1: ಲಾಭ ಎಷ್ಟು?

‘ಕಾರು ತಗ್ಗಿಸಿದರೆ ಲಾಭವಿದೆ ಎಂದೆವು. ಎಷ್ಟು?’ ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಹುಡುಗನ ಮನೆಯ ಕಾರು ಹಳೆಯ ಸ್ವಿಫ್ಟ್, 2005ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಮೊದಲ ಮಾದರಿ. ಅದರ ಮುಂದಿನ ಎಡ ಬಲ ಚಕ್ರಗಳ ನಡುವಿನ ಅಂತರ 1.47 ಮೀಟರ್. ಗುರುತ್ವ ಕೇಂದ್ರ ನೆಲದಿಂದ 0.55 ಮೀಟರ್ ಎತ್ತರದಲ್ಲಿದೆ, ತೂಕ ಸುಮಾರು 1000 ಕಿ.ಗ್ರಾಂ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡೆವು. ತ್ರಿಕೋನಮಿತಿ 10ನೇ ತರಗತಿಯ ಪಾಠ; ಆದ್ದರಿಂದ ಕೋನ ಬಿಟ್ಟು ಅನುಪಾತ ಮಾತ್ರ ಬಳಸಿದೆ. ಚಕ್ರಾಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಅಮೆರಿಕದ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯೂ ವಾಹನ ಉರುಳುವ ಅಪಾಯ ಅಂದಾಜಿಸಲು ಇದೇ ಅನುಪಾತವನ್ನು ಬಳಸುತ್ತದೆ.

ಮೊದಲಿನ ಎತ್ತರದಲ್ಲಿ ಉತ್ತರ 1.34. ಇಡೀ ಕಾರನ್ನು 3 ಸೆಂ.ಮೀ. ಇಳಿಸಿದರೆ 1.41. ಏರಿಕೆ ಸುಮಾರು ನೂರಕ್ಕೆ ಆರು. ಆಟಿಕೆಯಲ್ಲಿ ಎತ್ತರವನ್ನು 5ರಿಂದ 3ಕ್ಕೆ ಇಳಿಸಿದಾಗ ಆದ ಬದಲಾವಣೆ ಇದರ ಹಲವು ಪಟ್ಟು. ಆಟಿಕೆ ಸುಳ್ಳು ಹೇಳಿರಲಿಲ್ಲ. ಆದರೆ ನಾನು ಅಳತೆಯನ್ನು ಹಿಗ್ಗಿಸಿ ತೋರಿಸಿದ್ದೆ, ಹಿಗ್ಗಿಸಿದ್ದೇನೆ ಎಂದು ಹೇಳಿರಲಿಲ್ಲ.

ಇನ್ನೊಂದು ಲೆಕ್ಕ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಪಕ್ಕದ ವೇಗೋತ್ಕರ್ಷ ಸುಮಾರು 3.5 ಮೀ/ಸೆ². ಈ ಬೆಲೆಯನ್ನು ನಾನೇ ಕೊಟ್ಟೆ. ಆಗ ಒಳಚಕ್ರಗಳ ಮೇಲಿನ ಭಾರ ಹೊರಚಕ್ರಗಳಿಗೆ ಸರಿಯುತ್ತದೆ. ಸರಿಯುವ ಭಾರ = ದ್ರವ್ಯರಾಶಿ × ವೇಗೋತ್ಕರ್ಷ × ಎತ್ತರ ÷ ಚಕ್ರಾಂತರ. ಮೊದಲಿನ ಎತ್ತರದಲ್ಲಿ ಸುಮಾರು 1310 ನ್ಯೂಟನ್, ತಗ್ಗಿಸಿದ ಮೇಲೆ 1238 ನ್ಯೂಟನ್. ವ್ಯತ್ಯಾಸ 7 ಕಿ.ಗ್ರಾಂ. ತೂಕದಷ್ಟು. ‘ನನ್ನ ಬ್ಯಾಗೇ ಅಷ್ಟಿದೆ ಮಿಸ್’ ಎಂದಳು ಮುಂದಿನ ಬೆಂಚಿನ ಹುಡುಗಿ. ಪಾಠಕ್ಕೆ ಬೇಕಾದ ಉಪಮೆ ಅವಳಿಂದಲೇ ಬಂತು.

ಒಣ ರಸ್ತೆಯಲ್ಲಿ ಟಯರಿನ ಘರ್ಷಣಾ ಗುಣಾಂಕ ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಅನುಪಾತ 1.34 ಇರುವ ಕಾರು ಸಮತಟ್ಟಾದ ರಸ್ತೆಯಲ್ಲಿ ಉರುಳುವ ಮೊದಲೇ ಜಾರುತ್ತದೆ. ಉರುಳುವ ಭಯಕ್ಕಾಗಿ ಸಣ್ಣ ಕಾರನ್ನು ತಗ್ಗಿಸುವ ಅಗತ್ಯವಿಲ್ಲ ಎಂಬುದನ್ನೂ ಇಲ್ಲೇ ಹೇಳಿದೆ. ರೇಸ್ ಪಥದಲ್ಲಿ ಸೆಕೆಂಡಿನ ಭಾಗ ಲೆಕ್ಕಕ್ಕೆ ಬರುವವರಿಗೆ ಆ ನೂರಕ್ಕೆ ಆರು ದೊಡ್ಡದೇ.

ಮರುಪಾಠ 2: ಕತ್ತರಿಸಿದ ಸ್ಪ್ರಿಂಗ್

ಪ್ರಯೋಗಾಲಯದ 20 ಸುತ್ತಿನ ಸ್ಪ್ರಿಂಗ್ ಒಂದನ್ನು ತೂಗುಹಾಕಿ, 200 ಗ್ರಾಂ ತೂಕ ಕಟ್ಟಿದೆ. 6 ಸೆಂ.ಮೀ. ಹಿಗ್ಗಿತು. ‘ಇದನ್ನು ಅರ್ಧ ಮಾಡಿದರೆ ಅದೇ ತೂಕಕ್ಕೆ ಎಷ್ಟು ಹಿಗ್ಗುತ್ತದೆ?’ ಎಂದು ಕೇಳಿ, ಊಹೆಯನ್ನು ಚೀಟಿಯಲ್ಲಿ ಬರೆಸಿದೆ. 24 ಮಕ್ಕಳು ‘ಇನ್ನೂ ಹೆಚ್ಚು’ ಎಂದು ಬರೆದಿದ್ದರು. ಕಾರಣ: ‘ಅರ್ಧ ಆದರೆ ಶಕ್ತಿ ಕಡಿಮೆ.’

ಸ್ಪ್ರಿಂಗ್ ಕತ್ತರಿಸಬೇಕಾಗಿಲ್ಲ. ನಡುವಿನ ಸುತ್ತಿಗೆ ಮೊಳೆ ಸಿಕ್ಕಿಸಿ ನೇತುಹಾಕಿದರೆ ಕೆಳಗಿನ 10 ಸುತ್ತು ಮಾತ್ರ ಕೆಲಸ ಮಾಡುತ್ತದೆ. ಹಿಗ್ಗಿದ್ದು ಸುಮಾರು 3 ಸೆಂ.ಮೀ. ತರಗತಿ ಒಂದು ಕ್ಷಣ ಮೌನ. ಪ್ರತಿ ಸುತ್ತೂ ತನ್ನ ಪಾಲಿನಷ್ಟು ಹಿಗ್ಗುತ್ತದೆ; ಸುತ್ತು ಕಡಿಮೆಯಾದರೆ ಒಟ್ಟು ಹಿಗ್ಗುವಿಕೆಯೂ ಕಡಿಮೆ, ಅಂದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂದು ಮಕ್ಕಳೇ ವಿವರಿಸಿದರು. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ಐದಕ್ಕೆ ಆರರಂತೆ, ನೂರಕ್ಕೆ ಇಪ್ಪತ್ತು ಏರುತ್ತದೆ. ಉದ್ದ ಕಡಿಮೆಯಾದ್ದರಿಂದ ಕಾರು ತಗ್ಗುತ್ತದೆ, ಗಡಸಾದ್ದರಿಂದ ಕುಲುಕುತ್ತದೆ. ‘ಅದಕ್ಕೇ ಅಜ್ಜಿ ಬೈಯೋದು’ ಎಂದು ಯಾರೋ ಮೆಲ್ಲಗೆ ಹೇಳಿದರು. ಮೂರನೇ ಬೆಂಚಿನ ಹುಡುಗ ನಗಲಿಲ್ಲ, ಬರೆದುಕೊಂಡ.

ನಂತರ ವಿವರಣೆಯ ಹಂತದಲ್ಲಿ ನಾಲ್ಕು ಅಂಶ ಸೇರಿಸಿದೆ. ಒಂದು, ಕಂಪನಿಯ ಸ್ಪ್ರಿಂಗಿನ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದು ನೇತಾಡುವಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಎರಡು, ಗ್ಯಾಸ್ ಉರಿಯಿಂದ ಕಾಯಿಸಿ ತಗ್ಗಿಸಿದರೆ ಉಕ್ಕಿನ ಹದ ಕೆಟ್ಟು ದಿನ ಕಳೆದಂತೆ ಕುಸಿಯುತ್ತದೆ. ಮೂರು, ಚಕ್ರ ಮೇಲೆ ಸರಿಯಲು ಇರುವ ಜಾಗ ಕಡಿಮೆಯಾಗಿ, ಕೊನೆಯ ರಬ್ಬರ್ ತಡೆಗೆ ಬೇಗ ಬಡಿಯುತ್ತದೆ. ತಿರುವಿನ ಮಧ್ಯದಲ್ಲಿ ಹಾಗಾದರೆ ಹಿಡಿತ ಹೆಚ್ಚುವ ಬದಲು ತಪ್ಪುತ್ತದೆ. ನಾಲ್ಕು, ಚಕ್ರಗಳ ವಾಲಿಕೆ ಮತ್ತು ದಿಕ್ಕು ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರಿನ ಅಂಚು ಸವೆಯುತ್ತದೆ. ಆಸೆಯಿರುವವರು ಕತ್ತರಿಸುವುದನ್ನು ಬಿಟ್ಟು, ಆ ಕಾರಿಗೆಂದೇ ಮಾಡಿದ, ಶಾಕ್ ಅಬ್ಸಾರ್ಬರಿಗೆ ಹೊಂದುವ ಸ್ಪ್ರಿಂಗ್ ಜೋಡಿ ಹಾಕಿಸಬೇಕು.

ಕಾನೂನನ್ನೂ ಮುಟ್ಟಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣ ವಾಹನದಲ್ಲಿ ಮಾಡುವ ಬದಲಾವಣೆಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಹಾಗಾಗಿ ಗ್ಯಾರೇಜಿಗಿಂತ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಬೇಕು.

ಮರುಪಾಠ 3: ನಮ್ಮ ರಸ್ತೆಯ ಹಂಪ್

ಇದು ಮಕ್ಕಳು ಅತಿ ಹೆಚ್ಚು ಇಷ್ಟಪಟ್ಟ ಅವಧಿ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, ನಡುವಿನಲ್ಲಿ 10 ಸೆಂ.ಮೀ. ಎತ್ತರ, ವೃತ್ತದ ತ್ರಿಜ್ಯ 17 ಮೀಟರ್. ಶಾಲೆಯ ಪಡಸಾಲೆಯ ನೆಲದ ಮೇಲೆ ಹತ್ತಕ್ಕೆ ಒಂದರ ಅಳತೆಯಲ್ಲಿ, 1.7 ಮೀಟರ್ ಹುರಿಗೆ ಸೀಮೆಸುಣ್ಣ ಕಟ್ಟಿ ಕಂಸ ಎಳೆದೆವು. ಕಾರಿನ ಮುಂದಿನ ಹಿಂದಿನ ಚಕ್ರಗಳ ಅಂತರ 2.39 ಮೀಟರ್, ಚಿತ್ರದಲ್ಲಿ 23.9 ಸೆಂ.ಮೀ. ಎರಡು ಚಕ್ರವನ್ನೂ ಕಂಸದ ಮೇಲಿಟ್ಟರೆ ನಡುವೆ ನೆಲ ಎಷ್ಟು ಉಬ್ಬಿರುತ್ತದೆ? ಅಳತೆಪಟ್ಟಿಯಲ್ಲಿ 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ನಿಜದಲ್ಲಿ 4.2 ಸೆಂ.ಮೀ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 17 ಸೆಂ.ಮೀ. ನಿಯಮದಂತೆ ಕಟ್ಟಿದ ಹಂಪ್ ಮೇಲೆ ಹೊಟ್ಟೆಯ ಕೆಳಗೆ 12.8 ಸೆಂ.ಮೀ. ಉಳಿಯುತ್ತದೆ. 3 ಸೆಂ.ಮೀ. ತಗ್ಗಿಸಿದರೂ 9.8.

‘ಹಾಗಾದ್ರೆ ತೊಂದರೆ ಇಲ್ವಲ್ಲ ಮಿಸ್?’ ಎಂದ ಹುಡುಗ, ಆಸೆಯಿಂದ.

‘ನಿಮ್ಮ ಬೀದಿಯ ಹಂಪ್ ಅಳೆದು ಬಾ’ ಎಂದೆ. ಭಾನುವಾರ ಬೆಳಿಗ್ಗೆ ವಾಹನ ಇಲ್ಲದ ಹೊತ್ತಿನಲ್ಲಿ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು, ರಸ್ತೆಯ ಅಂಚಿನಲ್ಲೇ ನಿಂತು ಅಳೆಯಬೇಕೆಂದು ಎಲ್ಲರಿಗೂ ಹೇಳಿ ಕಳಿಸಿದ್ದೆ. ಅವನು ತಂದ ಅಳತೆ: ಅಗಲ 60 ಸೆಂ.ಮೀ., ಎತ್ತರ 12 ಸೆಂ.ಮೀ. ಮುಂದಿನ ಚಕ್ರ ಇಳಿದು ಹಿಂದಿನ ಚಕ್ರ ಹತ್ತದೆ ಇರುವಾಗ, ಇಡೀ 12 ಸೆಂ.ಮೀ. ಕಾರಿನ ಹೊಟ್ಟೆಯ ಕೆಳಗೇ ಇರುತ್ತದೆ. 17ರಲ್ಲಿ 12 ಕಳೆದರೆ 5. ತಗ್ಗಿಸಿದ ಮೇಲೆ 2. ‘ಐದು ಜನ ಕೂತಾಗ ಕಾರು ಇನ್ನೂ ಇಳಿಯುತ್ತೆ’ ಎಂದು ಅವನೇ ಹೇಳಿ, ಕಪ್ಪುಹಲಗೆಯ ಮೇಲೆ ಬರೆದ: ‘2 - 4 = -2’. ನಾಲ್ಕು ಅವನ ಅಂದಾಜು. ಋಣ ಸಂಖ್ಯೆಯ ಅರ್ಥ ಹೇಳಿಕೊಡಬೇಕಾಗಲಿಲ್ಲ. ‘ಚೇಂಬರ್ ಹೊಡೆಯುತ್ತೆ’ ಎಂದಿತು ಇಡೀ ತರಗತಿ.

ಮೌಲ್ಯಮಾಪನ ಮತ್ತು ಅವಲೋಕನ

ಘಟಕ ಪರೀಕ್ಷೆಯಲ್ಲಿ ಒಂದೇ ತೆರೆದ ಪ್ರಶ್ನೆ ಕೊಟ್ಟೆ: ‘ಗುರುತ್ವ ಕೇಂದ್ರ ತಗ್ಗಿದಷ್ಟೂ ವಾಹನ ಹೆಚ್ಚು ಸ್ಥಿರ. ಈ ವಾಕ್ಯಕ್ಕೆ ಏನು ಸೇರಿಸಬೇಕು?’ ಮೂವತ್ತೆರಡರಲ್ಲಿ 26 ಮಕ್ಕಳು ಕನಿಷ್ಠ ಒಂದು ಮಿತಿಯನ್ನು ಬರೆದಿದ್ದರು. ಒಬ್ಬ ಹುಡುಗಿಯ ಉತ್ತರ: ‘ರಸ್ತೆಯನ್ನೂ ಸೇರಿಸಬೇಕು.’ ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಅಭ್ಯಾಸದ ಕೊನೆಯ ದಿನ ಮೂರನೇ ಬೆಂಚಿನ ಹುಡುಗ ಬಂದು, ಅಣ್ಣ ಹೊಸ ಸ್ಪ್ರಿಂಗ್ ಹಾಕಿಸಿದ ಎಂದ. ಇದು ನನ್ನ ಪಾಠದಿಂದ ಆಯಿತು ಎಂದು ಹೇಳಲಾರೆ. ಟಯರ್ ಒಳಗೆ ತಾಗುತ್ತಿತ್ತಂತೆ, ಅಜ್ಜಿ ಆಟೋದಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದರಂತೆ. ‘ಆದ್ರೆ ಲೆಕ್ಕ ನಾನು ತೋರಿಸ್ದೆ ಮಿಸ್. ಅಣ್ಣ ಎರಡು ಸಲ ಮಾಡಿ ನೋಡ್ದ.’

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಮೂರೇ. ಮಾದರಿಯಲ್ಲಿ ಪರಿಣಾಮವನ್ನು ಹಿಗ್ಗಿಸಿ ತೋರಿಸಿದರೆ, ನಿಜವಾದ ವಸ್ತುವಿನ ಅಳತೆಯನ್ನು ಅದೇ ಅವಧಿಯಲ್ಲಿ ಪಕ್ಕದಲ್ಲಿ ಬರೆಯಿರಿ. ಉಪಸಂಹಾರದ ವಾಕ್ಯ ಬರೆದ ಮೇಲೆ ‘ಯಾವಾಗ ಇದು ನಿಜವಲ್ಲ?’ ಎಂದು ಕೇಳಲು ಎರಡು ನಿಮಿಷ ಉಳಿಸಿಕೊಳ್ಳಿ. ಮಕ್ಕಳ ಮನೆಯವರ ಕೆಲಸವನ್ನು ಉದಾಹರಣೆಗೆ ತೆಗೆದುಕೊಂಡಾಗ, ನಾವು ಹೇಳಿದ ಮಾತು ಅದೇ ಸಂಜೆ ಆ ಮನೆಗೆ ಹೋಗುತ್ತದೆ ಎಂಬುದನ್ನು ನೆನಪಿಡಿ. ನನ್ನ ಪಾಠಯೋಜನೆ ಪುಸ್ತಕದಲ್ಲಿ ಮೇಡಂ ಬರೆದ ಆ ಒಂದು ಸಾಲಿನ ಕೆಳಗೆ ಈಗ ಕೆಂಪು ಗೆರೆ ಎಳೆದಿಟ್ಟಿದ್ದೇನೆ.