ಮಂಗಟ್ಟೆಯ ಗೂಡನ್ನು ನೋಡುವ ಕ್ರಮ

ನಮ್ಮ ಸಹ್ಯಾದ್ರಿಯ ಅಡವಿಗಳಲ್ಲಿ ದಾಸ ಮಂಗಟ್ಟೆ ಎಂಬ ದೊಡ್ಡ ಹಕ್ಕಿಯುಂಟು. ಅದರ ಉದ್ದವು ಮೂರರಿಂದ ನಾಲ್ಕು ಅಡಿ. ಹಳದಿ ಕೊಕ್ಕಿನ ಮೇಲೆ ಟೊಪ್ಪಿಗೆಯಂಥ ಕೊಂಬನ್ನು ಹೊತ್ತಿರುವದರಿಂದ ಒಮ್ಮೆ ಕಂಡವರು ಅದನ್ನು ಮರೆಯರು. ಹಾರುವಾಗ ರೆಕ್ಕೆಯ ದೊಡ್ಡ ಗರಿಗಳ ಬುಡದ ಸಂದುಗಳಲ್ಲಿ ಗಾಳಿ ನುಗ್ಗಿ ಉಗಿಬಂಡಿಯ ಹಾಗೆ ಸದ್ದಾಗುವದು. ಕಾಳೀ ನದಿಯ ತೀರದ ದಾಂಡೇಲಿ ಸೀಮೆಯಲ್ಲಿ 2011ನೇ ಇಸವಿಯಲ್ಲಿ ಸರಕಾರದವರು ಮಂಗಟ್ಟೆಗಳಿಗೋಸ್ಕರವೇ ಒಂದು ಪ್ರದೇಶವನ್ನು ಕಾದಿರಿಸಿದರು. ಈಗ ಅನೇಕರು ಕ್ಯಾಮರಾ ಹಿಡಿದು ಇದರ ಗೂಡಿನ ಚಲಚ್ಚಿತ್ರ ತೆಗೆಯಲು ಹೋಗುವದರಿಂದ ಆ ಕೆಲಸವು ಹೇಗೆ ನಡೆಯತಕ್ಕದ್ದೆಂದು ಈ ಪಾಠದಲ್ಲಿ ವಿಚಾರಿಸುವೆವು.

ಮೊದಲು ಗೂಡಿನ ಸಂಗತಿಯನ್ನು ತಿಳಿಯಬೇಕು. ಈ ಹಕ್ಕಿಯು ಮರವನ್ನು ಕೊರೆಯಲಾರದು. ಹಳೇ ಹೆಮ್ಮರದಲ್ಲಿ ತಾನಾಗಿ ಆದ ಪೊಟರೆಯನ್ನು ಹುಡುಕಿ, ವರುಷ ವರುಷವೂ ಅದಕ್ಕೇ ತಿರುಗಿ ಬರುವದು. ಚಳಿಗಾಲದ ಕೊನೆಯಲ್ಲಿ ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯನ್ನೂ ಹಣ್ಣಿನ ತಿರುಳನ್ನೂ ಕಲಸಿ, ಕೊಕ್ಕನ್ನೇ ಕರಣೆಯಾಗಿ ಮಾಡಿಕೊಂಡು ಬಾಗಲನ್ನು ಮೆತ್ತಿಬಿಡುವದು. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುವದು. ಒಳಗೆ ಅದರ ರೆಕ್ಕೆ ಬಾಲಗಳ ಗರಿಗಳು ಉದುರಿ ಹೊಸವು ಹುಟ್ಟುವವು. ಆ ಕಾಲದಲ್ಲಿ ಅದು ಹಾರಲಾರದು. ಮೊಟ್ಟೆಗಳಿಗೆ ಸುಮಾರು 40 ದಿವಸ ಕಾವು ಬೇಕು. ಮರಿಯು ಸ್ವಲ್ಪ ಬೆಳೆದ ಮೇಲೆ ತಾಯಿಯು ಗೋಡೆಯನ್ನು ಒಡೆದು ಹೊರಬರುವದು, ಮರಿಯೋ ಒಳಗಿನಿಂದ ತಿರುಗಿ ಬಾಗಲು ಮುಚ್ಚಿಕೊಳ್ಳುವದು! ಇದೆಲ್ಲಾ ಮುಗಿಯುವದಕ್ಕೆ ನಾಲ್ಕು ತಿಂಗಳು ಹಿಡಿಯುವದು. ಸಾಮಾನ್ಯವಾಗಿ ಒಂದೇ ಮರಿ ಹೊರಗೆ ಬರುವದು.

ಹೆಣ್ಣು ಒಳಗಿರುವಷ್ಟು ಕಾಲ ಊಟದ ಭಾರವೆಲ್ಲಾ ಗಂಡಿನದು. ಅದು ಗೋಳಿ, ಆಲ, ರಾಮಪತ್ರೆ, ಧೂಪ ಮುಂತಾದ ಹಣ್ಣುಗಳನ್ನು ಗಂಟಲೊಳಗೆ ತುಂಬಿಕೊಂಡು ಬಂದು, ಒಂದೊಂದಾಗಿ ಮೇಲಕ್ಕೆ ತಂದು ಸಂದಿನಲ್ಲಿ ನೀಡುವದು. ಮರಿ ಹುಟ್ಟಿದ ಮೇಲೆ ಹಲ್ಲಿ ಇಲಿಗಳನ್ನೂ ತರುವದುಂಟು. ಆದಕಾರಣ ಗಂಡು ಬಾರದಿದ್ದರೆ ಒಳಗಿದ್ದವುಗಳಿಗೆ ಹಸಿವೆಯೇ ಗತಿ. ಹಿಂದಿನವರಲ್ಲಿ ಕೆಲವರು ಇದನ್ನು ಲಕ್ಷ್ಯಕ್ಕೆ ತರಲಿಲ್ಲ. ವಾಲೇಸ್ ಎಂಬ ಆಂಗ್ಲ ಶಾಸ್ತ್ರಜ್ಞನು 1869ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ, ಸುಮಾತ್ರದಲ್ಲಿ ಹೆಣ್ಣಿಗೆ ಉಣಿಸುತ್ತಿದ್ದ ಗಂಡನ್ನು ತನ್ನ ಬೇಟೆಗಾರರು ಗುಂಡಿಕ್ಕಿ ಕೊಂದದ್ದನ್ನೂ, ಬಳಿಕ ಗೋಡೆಯನ್ನು ಒಡೆಯಿಸಿ ಗರಿಯೇ ಇಲ್ಲದ ಮರಿಯನ್ನು ಹೊರತೆಗೆಸಿದ್ದನ್ನೂ ವರ್ಣಿಸಿದ್ದಾನೆ. ಈಗ ಬಂದೂಕಿನ ಬದಲಿಗೆ ಕ್ಯಾಮರಾ ಬಂದಿರುವದು ಒಳ್ಳೇದೇ. ಆದರೂ ಗಂಡನ್ನು ತಡೆಯುವದಕ್ಕೆ ಗುಂಡೇ ಬೇಕೆಂದೇನೂ ಇಲ್ಲ, ಮರದಡಿಯಲ್ಲಿ ಮಾತಾಡುವ ನಾಲ್ಕು ಜನರು ಸಾಕು.

ಹಾಗಾದರೆ ಚಿತ್ರ ತೆಗೆಯುವವನು ಏನು ಮಾಡತಕ್ಕದ್ದು? ಅರಣ್ಯ ಇಲಾಖೆಯವರ ಅಪ್ಪಣೆಯಿಲ್ಲದೆ ಹೋಗಲೇ ಬಾರದು. 1972ರ ವನ್ಯಜೀವಿ ಕಾಯಿದೆಯು ಈ ಹಕ್ಕಿಯನ್ನು ತನ್ನ ಮೊದಲನೇ ಪಟ್ಟಿಯಲ್ಲೇ ಸೇರಿಸಿ ಕಾಯುತ್ತದೆ. ದೂರದಲ್ಲಿ ಕೂತು, ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಮಸೂರದಿಂದಲೇ ತೆಗೆಯಬೇಕು. ಬೆಳಗಾಗುವ ಮೊದಲೇ ಮರೆಯೊಳಗೆ ಸೇರಿ, ಗಂಡು ಉಣಿಸಿ ಹಾರಿಹೋದ ಮೇಲೆಯೇ ಏಳಬೇಕು. ಗೂಡು ಚೆನ್ನಾಗಿ ಕಾಣಲೆಂದು ಕೊಂಬೆ ಕಡಿಯುವದು, ದೀಪ ಮಿಂಚಿಸುವದು, ಯಂತ್ರದಿಂದ ಕೂಗು ಹಾಕಿ ಕರೆಯುವದು ಇವು ಸಲ್ಲವು. ಎಲ್ಲಕ್ಕಿಂತ ಮುಖ್ಯವಾದ ಗುರುತು ಯಾವದೆಂದರೆ, ಗಂಡು ಬಂದು ಪಕ್ಕದ ಮರದಲ್ಲಿ ಕೂತು, ಗಂಟಲು ತುಂಬಿದ್ದರೂ ಗೂಡಿಗೆ ಬಾರದೆ ಕತ್ತು ತಿರುಗಿಸಿ ನೋಡುತ್ತಾ ಇದ್ದರೆ ಅದು ನಮ್ಮನ್ನು ಕಂಡಿದೆ ಎಂದರ್ಥ. ಆಗ ಅಂದಿನ ಚಿತ್ರದ ಆಶೆಯನ್ನು ಬಿಟ್ಟು ಹಿಂದಕ್ಕೆ ಸರಿಯಬೇಕು. ಮರಿಗಳ್ಳರಿಗೆ ದಾರಿಯಾಗದಂತೆ ಮರದ ಗುರುತನ್ನು ಊರಲ್ಲಿ ಹೇಳುತ್ತಾ ತಿರುಗಲೂ ಬಾರದು.

ಒಂದು ಮರಿಯ ಬೆಲೆ ಎಷ್ಟೆಂದು ಕೇಳುವವರಿಗೆ ಕಾರವಾರದ ಮರಿಯ ಕಥೆಯನ್ನು ಹೇಳುವೆವು. 1894ರಲ್ಲಿ ಮೂರು ತಿಂಗಳ ಮಂಗಟ್ಟೆಯೊಂದನ್ನು ಅಲ್ಲಿಂದ ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘಕ್ಕೆ ಕೊಟ್ಟರು. ವಿಲಿಯಮ್ ಎಂದು ಹೆಸರು ಪಡೆದ ಆ ಹಕ್ಕಿಯು 1920ರ ವರೆಗೂ ಬದುಕಿತು. ಇಂದಿಗೂ ಆ ಸಂಘದ ಲಾಂಛನದಲ್ಲಿ ಮಂಗಟ್ಟೆಯೇ ಇರುವದು.

ಗೂಡಿನ ಹತ್ತಿರ ಹೋಗದೆ ಕಲಿಯುವ ದಾರಿಯೂ ಒಂದುಂಟು. ಹೆಣ್ಣು ದೊಡ್ಡ ಬೀಜಗಳನ್ನು ಕಕ್ಕಿ ಸಂದಿನಿಂದ ಹೊರಗೆ ಎಸೆಯುವದು, ಹಿಕ್ಕೆಯನ್ನೂ ಹಾಗೆಯೇ ಹೊರಗೆ ಹಾಕುವದು. ಮಳೆಗಾಲ ಹಿಡಿದು ಗೂಡು ಬರಿದಾದ ಮೇಲೆ ಆ ಮರದ ಬುಡಕ್ಕೆ ಹೋಗಿ ನೋಡಿರಿ. ಅಲ್ಲಿ ರಾಮಪತ್ರೆ ಎಷ್ಟು, ಧೂಪ ಎಷ್ಟು ಮೊಳೆತಿವೆಯೆಂದು ಎಣಿಸಿದರೆ, ಗಂಡು ಬೇಸಗೆಯಲ್ಲಿ ಯಾವ ಯಾವ ಹಣ್ಣನ್ನು ತಂದಿತೆಂಬ ಲೆಕ್ಕವು ಸಿಕ್ಕುವದು.